ನಿನ್ನೆ ರಾತ್ರಿ ಏನಮ್ಮ ತಿಂದೆ?

ದಿನಾ ಫೋನಲ್ಲಿ ನಾವೆಲ್ಲ ಕೇಳೋದು ಒಂದೇ: "ಊಟ ಆಯ್ತಾ ಅಮ್ಮ?" "ಆಯ್ತು ಕಣೋ." ಈ 'ಆಯ್ತು' ಸಾಲದು ಅಂತ ಗೊತ್ತಿದ್ದವರು ನಾನಿರೋ ಹೈದರಾಬಾದಲ್ಲೇ ಇದ್ದರು. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ತನಿಖೆಗೆಂದು ಶುರುವಾದ ಪುಟ್ಟ ಘಟಕವೇ ಬೆಳೆದು, ಇಲ್ಲಿಗೆ ಬಂದು, ತಾರ್ನಾಕಾದ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಯ್ತು. 1972ರಲ್ಲಿ ಶುರುವಾದ ಅದರ ಸಮೀಕ್ಷೆಯವರು ಮನೆಮನೆಗೆ ಹೋಗಿ, ಅಳತೆಯ ಬಟ್ಟಲು ಮುಂದಿಟ್ಟು, ನಿನ್ನೆಯಿಡೀ ಏನೇನು, ಎಷ್ಟೆಷ್ಟು ತಿಂದಿರಿ ಅಂತ ಕೇಳುತ್ತಿದ್ದರು.

ವಯಸ್ಸಾದವರಿಗೆಂದೇ 1990ರ ದಶಕದಲ್ಲಿ ಯುರೋಪಿನಿಂದ ಬಂದದ್ದು ಎಂಎನ್‌ಎ: 18 ಪ್ರಶ್ನೆ, 30 ಅಂಕ. 17ಕ್ಕಿಂತ ಕಡಿಮೆಯಾದರೆ ಅಪೌಷ್ಟಿಕತೆ. ತೂಕ ಇಳಿದಿದೆಯಾ, ದಿನಕ್ಕೆಷ್ಟು ಪೂರ್ತಿ ಊಟ. ಮೀನಖಂಡದ ಸುತ್ತಳತೆಯನ್ನೂ ಬಿಡಲ್ಲ!

ಕಳೆದ ವಾರ ನಾನೂ ಪ್ರಶ್ನೆ ಬದಲಿಸಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಬ್ಬಳಿಗೇನು ಮುದ್ದೆ ತೊಳಸೋದು... ಟೀ, ಎರಡು ಬಿಸ್ಕತ್ತು" ಅಂದ್ಲು.