ದಂಡನಾಯಕನೂ ಅಧ್ಯಕ್ಷನೂ

ಯುದ್ಧ ಮಾಡಬಲ್ಲವನು, ಯಾವ ಯುದ್ಧವನ್ನು ಯಾವ ಗುರಿಗಾಗಿ ಎಲ್ಲಿಯವರೆಗೆ ಮಾಡಬೇಕೆಂಬುದನ್ನೂ ತಾನೇ ನಿರ್ಣಯಿಸಬಹುದೆ? ಅರಸರ ಕಾಲದಲ್ಲಿ ಈ ಪ್ರಶ್ನೆ ಅಷ್ಟು ತೊಡಕಿನದಾಗಿರಲಿಲ್ಲ. ಅರಸನೇ ದಂಡಿನ ಮುಂದೆ ನಡೆಯುತ್ತಿದ್ದನು. ಗೆದ್ದರೆ ಕೀರ್ತಿ ಅವನದು, ಸೋತರೆ ಹೋಗುವ ತಲೆಯೂ ಅವನದೇ. ಪ್ರಜಾಪ್ರಭುತ್ವದಲ್ಲಿ ಹಾಗಲ್ಲ. ಇಲ್ಲಿ ಕತ್ತಿ ಹಿಡಿದವನಿಗೆ ಅಪ್ಪಣೆ ಕೊಡುವವನು ಕೆಲವು ವರ್ಷಗಳ ಮಟ್ಟಿಗೆ ಆಯ್ಕೆಯಾಗಿ ಬಂದ ಒಬ್ಬ ನಾಗರಿಕ. ಯುದ್ಧಶಾಸ್ತ್ರದಲ್ಲಿ ತನಗಿಂತ ಕಡಮೆ ಬಲ್ಲವನ ಮಾತಿಗೆ, ಜೀವಮಾನವನ್ನೆಲ್ಲ ರಣರಂಗದಲ್ಲಿ ಸವೆಸಿದ ಸೇನಾನಿ ತಲೆಬಾಗಬೇಕು. ಏಕೆ ಬಾಗಬೇಕು? ಈ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಅತ್ಯಂತ ಬಹಿರಂಗವಾಗಿ ಎತ್ತಿದ ಪ್ರಸಂಗವೆಂದರೆ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಮತ್ತು ಜನರಲ್ ಡಗ್ಲಾಸ್ ಮ್ಯಾಕಾರ್ಥರರ ನಡುವಿನ ಕಲಹ.

೧೯೫೧ರ ಏಪ್ರಿಲ್ ೧೧ರಂದು, ನಡುರಾತ್ರಿ ಕಳೆದು ಒಂದು ಗಂಟೆಯ ಹೊತ್ತಿಗೆ, ವಾಷಿಂಗ್ಟನ್ನಿನ ಶ್ವೇತಭವನದಲ್ಲಿ ಪತ್ರಕರ್ತರನ್ನು ಕರೆಸಿ ಒಂದು ಪ್ರಕಟಣೆಯನ್ನು ಹಂಚಲಾಯಿತು. ಮ್ಯಾಕಾರ್ಥರನನ್ನು ಅವನ ಎಲ್ಲ ಸೇನಾಧಿಪತ್ಯಗಳಿಂದ ತೆಗೆದುಹಾಕಲಾಗಿದೆ. ಅವನ ಸ್ಥಾನಕ್ಕೆ ಜನರಲ್ ರಿಜ್ವೇ ಬರುತ್ತಾನೆ—ಇದು ಅದರ ಸಾರ. ಆಜ್ಞೆಯನ್ನು ಸೇನಾ ಕಾರ್ಯದರ್ಶಿಯ ಕೈಯಿಂದಲೇ ಮರ್ಯಾದೆಯಾಗಿ ತಲಪಿಸಬೇಕೆಂಬ ಯೋಚನೆಯಿತ್ತು. ಆದರೆ ಸುದ್ದಿ ಮೊದಲೇ ಸೋರಿಹೋದೀತೆಂಬ ಭಯದಿಂದ ಅವಸರವಾಯಿತು. ಟೋಕಿಯೋದಲ್ಲಿ ಅತಿಥಿಗಳೊಡನೆ ಊಟಕ್ಕೆ ಕುಳಿತಿದ್ದ ಸೇನಾನಿಗೆ, ರೇಡಿಯೋ ವಾರ್ತೆ ಕೇಳಿದವರ ಮೂಲಕ, ಹೆಂಡತಿಯ ಬಾಯಿಂದ ವಿಷಯ ತಿಳಿಯಿತು. ಐವತ್ತು ವರ್ಷಗಳ ಸೈನಿಕ ಜೀವನಕ್ಕೆ ಇದು ಸಲ್ಲತಕ್ಕ ಮುಕ್ತಾಯವಲ್ಲವೆಂದು ಅನೇಕರು ಮರುಗಿದರು. ಮರುಗಿದ್ದು ಸಹಜವೇ. ಆದರೆ ರೀತಿ ಬೇರೆ, ನ್ಯಾಯ ಬೇರೆ.

ಇಬ್ಬರನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ತಕ್ಕಡಿ ಸೇನಾನಿಯ ಕಡೆಗೇ ತೂಗುತ್ತಿತ್ತು. ಮ್ಯಾಕಾರ್ಥರ್ ಸೇನಾನಿಯ ಮಗ. ೧೯೦೩ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದಿಂದ ಮೊದಲಿಗನಾಗಿ ತೇರ್ಗಡೆಯಾದವನು. ಎರಡು ಮಹಾಯುದ್ಧಗಳನ್ನು ಕಂಡವನು. ೧೯೪೫ರಲ್ಲಿ ಜಪಾನಿನ ಶರಣಾಗತಿಯನ್ನು ಸ್ವೀಕರಿಸಿದವನು. ಅಲ್ಲಿಂದ ಮುಂದೆ ಸೋತ ಜಪಾನನ್ನು ಆಳಿದ ವೈಭವದಲ್ಲಿ ಅವನಿಗೆ ಚಕ್ರವರ್ತಿಯ ಗತ್ತು ಬಂದಿತ್ತು. ೧೯೩೭ರಿಂದೀಚೆಗೆ ಅವನು ತನ್ನ ತಾಯ್ನೆಲಕ್ಕೆ ಕಾಲಿಟ್ಟಿರಲಿಲ್ಲ. ಟ್ರೂಮನ್ನನೋ ಮಿಸೌರಿಯ ರೈತರ ಮನೆಯವನು, ಕಾಲೇಜಿನ ಪದವಿಯಿಲ್ಲ, ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದ ಕ್ಯಾಪ್ಟನ್ನನಾಗಿದ್ದದ್ದೇ ಅವನ ಸೈನಿಕ ಅನುಭವ. ರೂಸ್‌ವೆಲ್ಟನ ಮರಣದಿಂದ ಅಕಸ್ಮಾತ್ತಾಗಿ ಅಧ್ಯಕ್ಷಪದವಿಗೆ ಬಂದವನು. ಆದರೂ ಒಂದು ಅಂಶದಲ್ಲಿ ತಕ್ಕಡಿ ತಿರುಗುತ್ತಿತ್ತು: ೧೯೪೮ರಲ್ಲಿ ಜನ ಅವನನ್ನು ಆರಿಸಿದ್ದರು, ಮ್ಯಾಕಾರ್ಥರನನ್ನು ಯಾರೂ ಆರಿಸಿರಲಿಲ್ಲ.

ಅಮೆರಿಕದ ಸಂವಿಧಾನವನ್ನು ೧೭೮೭ರಲ್ಲಿ ರಚಿಸಿದವರು ಈ ವಿಚಾರದಲ್ಲಿ ಜಾಣರು. ರಾಜನ ದಂಡಿನ ಕಾಟವನ್ನು ಅವರು ಉಂಡಿದ್ದರು. ಆದ್ದರಿಂದ ಅಧಿಕಾರವನ್ನು ಒಂದೇ ಕೈಗೆ ಕೊಡಲಿಲ್ಲ. ಅಧ್ಯಕ್ಷನು ಸೈನ್ಯಕ್ಕೂ ನೌಕಾಬಲಕ್ಕೂ ಮಹಾದಂಡನಾಯಕನೆಂದರು. ಆದರೆ ಯುದ್ಧವನ್ನು ಸಾರುವ, ಸೈನ್ಯವನ್ನು ಕಟ್ಟುವ, ಅದಕ್ಕೆ ಹಣ ಕೊಡುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಇಟ್ಟರು. ಆ ಹಣವನ್ನೂ ಎರಡು ವರ್ಷಕ್ಕೆ ಮೀರಿ ಒಮ್ಮೆಗೇ ಮಂಜೂರು ಮಾಡಕೂಡದೆಂದು ಕಟ್ಟು ಹಾಕಿದರು. ಸೇನಾನಿ ಅಧ್ಯಕ್ಷನ ಮಾತು ಕೇಳಬೇಕು; ಅಧ್ಯಕ್ಷ ಪ್ರಜಾಪ್ರತಿನಿಧಿಗಳನ್ನು ಕೇಳಬೇಕು. ಸರಪಳಿಯ ಕೊಂಡಿಗಳು ಹೀಗೆ.

ಈ ಸರಪಳಿಗೆ ಪರೀಕ್ಷೆ ಬಂದದ್ದು ಕೊರಿಯದಲ್ಲಿ. ೧೯೫೦ರ ಜೂನ್ ೨೫ರಂದು ಉತ್ತರ ಕೊರಿಯದ ಸೈನ್ಯ ಮೂವತ್ತೆಂಟನೆಯ ಅಕ್ಷಾಂಶವನ್ನು ದಾಟಿ ದಕ್ಷಿಣಕ್ಕೆ ನುಗ್ಗಿತು. ವಿಶ್ವಸಂಸ್ಥೆಯ ಧ್ವಜದಡಿಯಲ್ಲಿ ಹೋರಾಡಿದ ಪಡೆಗಳಿಗೆ ಮ್ಯಾಕಾರ್ಥರ್ ಅಧಿಪತಿಯಾದನು. ದಕ್ಷಿಣದ ಒಂದು ಮೂಲೆಗೆ ಒತ್ತರಿಸಲ್ಪಟ್ಟಿದ್ದ ಸೈನ್ಯವನ್ನು ಅವನು ಸೆಪ್ಟೆಂಬರ್ ೧೫ರಂದು ಇಂಚೋನ್ ಬಂದರಿನಲ್ಲಿ ದಡ ಹತ್ತಿಸಿ ಪಾರುಮಾಡಿದ ಸಾಹಸವನ್ನು ಇಂದಿಗೂ ಯುದ್ಧಶಾಸ್ತ್ರಜ್ಞರು ಕೊಂಡಾಡುತ್ತಾರೆ. ವಾಷಿಂಗ್ಟನ್ನಿನ ಹಿರಿಯ ಸೇನಾನಿಗಳು ಆ ಯೋಜನೆಗೆ ಹಿಂಜರಿದಿದ್ದರು. ಗೆದ್ದದ್ದು ಮ್ಯಾಕಾರ್ಥರನ ಹಟ. ಆ ಗೆಲುವೇ ಮುಂದಿನ ಸೋಲಿಗೂ ಬೀಜವಾಯಿತು. ಏಕೆಂದರೆ ಅಂದಿನಿಂದ ಅವನ ಮಾತಿಗೆ ಎದುರಾಡುವ ಧೈರ್ಯ ಯಾರಿಗೂ ಉಳಿಯಲಿಲ್ಲ.

ಸೈನ್ಯ ಉತ್ತರಕ್ಕೆ ನಡೆಯಿತು. ಅಕ್ಷಾಂಶವನ್ನು ಅಮೆರಿಕದ ಸೈನ್ಯ ದಾಟಿದರೆ ಚೀನ ಸುಮ್ಮನಿರದೆಂದು ಚೌ ಎನ್-ಲಾಯ್ ಅಕ್ಟೋಬರ್ ಮೊದಲಲ್ಲಿ, ಪೀಕಿಂಗಿನಲ್ಲಿದ್ದ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರರನ್ನು ಅಪರಾತ್ರಿಯಲ್ಲಿ ಕರೆಸಿ ಎಚ್ಚರಿಸಿದನು. ಪಣಿಕ್ಕರರು ಮುಟ್ಟಿಸಿದ ಆ ಸುದ್ದಿಯನ್ನು ವಾಷಿಂಗ್ಟನ್ ನಂಬಲಿಲ್ಲ. ಅದೇ ತಿಂಗಳ ೧೫ರಂದು ವೇಕ್ ದ್ವೀಪದಲ್ಲಿ ತನ್ನನ್ನು ಕಾಣಬಂದ ಅಧ್ಯಕ್ಷನಿಗೆ ಮ್ಯಾಕಾರ್ಥರ್, ಚೀನ ಯುದ್ಧಕ್ಕಿಳಿಯುವ ಸಂಭವ ಬಹಳ ಕಡಮೆ ಎಂದು ಭರವಸೆ ಕೊಟ್ಟನು. ಚೀನದ ಗಡಿಯ ಪ್ರಾಂತಗಳಿಗೆ ಕೊರಿಯನ್ನರಲ್ಲದ ಪಡೆಗಳನ್ನು ಕಳಿಸಬಾರದೆಂಬ ಸೂಚನೆಯಿದ್ದರೂ ಕಳಿಸಿದನು. ಮೇಲಿನವರು ವಿಚಾರಿಸಿದಾಗ ಸೈನಿಕ ಅಗತ್ಯವೆಂದು ಉತ್ತರ ಬಂತು, ಅವರು ಸುಮ್ಮನಾದರು. ನ್ಯಾಯವಾಗಿ ನೋಡಿದರೆ ಇಲ್ಲಿ ತಪ್ಪು ಒಬ್ಬನದಲ್ಲ. ಅಕ್ಷಾಂಶವನ್ನು ದಾಟುವಲ್ಲಿ ನಿನ್ನ ಕೈ ಕಟ್ಟಿಲ್ಲವೆಂದು ರಕ್ಷಣಾ ಕಾರ್ಯದರ್ಶಿ ಮಾರ್ಷಲನೇ ಬರೆದಿದ್ದನು. ಮಸಕು ಅಪ್ಪಣೆಯನ್ನು ಕೊಟ್ಟವನು ಅದರ ಫಲದಲ್ಲಿ ಪಾಲುಗಾರನೇ.

ನವೆಂಬರ್ ಕೊನೆಯಲ್ಲಿ ಚೀನದ ಮಹಾಸೈನ್ಯ ಮೇಲೆ ಬಿದ್ದಿತು. ೧೯೫೧ರ ಜನವರಿಯಲ್ಲಿ ಸಿಯೋಲ್ ನಗರ ಮತ್ತೆ ಕೈಬಿಟ್ಟಿತು. ಈಗ ಇಬ್ಬರ ದಾರಿ ಕವಲೊಡೆಯಿತು. ಮಂಚೂರಿಯದ ನೆಲೆಗಳಿಗೆ ಬಾಂಬು ಹಾಕಬೇಕು, ಚೀನದ ಕರಾವಳಿಯನ್ನು ದಿಗ್ಬಂಧಿಸಬೇಕು, ಫಾರ್ಮೋಸದ ಚಿಯಾಂಗನ ಪಡೆಗಳನ್ನು ಬಳಸಬೇಕೆಂದು ಸೇನಾನಿ ಪಟ್ಟುಹಿಡಿದನು. ಗೆಲ್ಲುವುದಕ್ಕಲ್ಲದೆ ಸೈನಿಕರನ್ನು ಸಾಯಕಳಿಸುವುದು ಯಾವ ಧರ್ಮ ಎಂಬುದು ಅವನ ವಾದ. ಹಾಗೆ ಮಾಡಿದರೆ ರಷ್ಯವೂ ಇಳಿದೀತು, ಯುರೋಪು ಬರಿದಾದೀತು, ಮೂರನೆಯ ಮಹಾಯುದ್ಧವೇ ಬಂದೀತು ಎಂಬುದು ಅಧ್ಯಕ್ಷನ ಅಂಜಿಕೆ. ಎರಡು ವಾದಗಳಲ್ಲಿಯೂ ತಿರುಳಿದೆ. ಆದರೆ ಮೊದಲನೆಯದು ಒಂದು ರಣರಂಗವನ್ನು ನೋಡಿ ಆಡಿದ ಮಾತು. ಎರಡನೆಯದು ಜಗತ್ತಿನ ನಕಾಶೆಯನ್ನು ನೋಡಿ ಆಡಿದ್ದು.

ಭಿನ್ನಾಭಿಪ್ರಾಯ ಅಪರಾಧವಲ್ಲ. ಸೇನಾನಿ ತನ್ನ ಮೇಲಿನವರಿಗೆ ನೇರವಾಗಿ ಹೇಳಿದ್ದರೆ ಅವನ ಕರ್ತವ್ಯವನ್ನೇ ಮಾಡಿದಂತಾಗುತ್ತಿತ್ತು. ಮ್ಯಾಕಾರ್ಥರ್ ಬೇರೆ ಬಾಗಿಲು ತಟ್ಟಿದನು. ವಿದೇಶನೀತಿಯ ಬಗ್ಗೆ ಯಾವ ಹೇಳಿಕೆಯನ್ನೂ ಅನುಮತಿಯಿಲ್ಲದೆ ಕೊಡಬಾರದೆಂದು ೧೯೫೦ರ ಡಿಸೆಂಬರ್ ೬ರಂದು ಆಜ್ಞೆಯಾಗಿತ್ತು. ಅಧ್ಯಕ್ಷ ಸಂಧಾನದ ಮಾತನ್ನು ಸಿದ್ಧಪಡಿಸುತ್ತಿದ್ದಾನೆಂದು ತಿಳಿದ ಮೇಲೂ, ಮಾರ್ಚ್ ೨೪ರಂದು ಸೇನಾನಿ ತಾನೇ ಚೀನಕ್ಕೆ ಬೆದರಿಕೆಯ ಹೇಳಿಕೆ ಹೊರಡಿಸಿದನು. ಸಂಧಾನದ ಪ್ರಯತ್ನ ಅಲ್ಲಿಗೇ ಮುರಿಯಿತು. ವಿರೋಧಪಕ್ಷದ ನಾಯಕ ಜೋಸೆಫ್ ಮಾರ್ಟಿನನಿಗೆ ಅವನು ಬರೆದ ಪತ್ರವನ್ನು ಏಪ್ರಿಲ್ ೫ರಂದು ಪ್ರತಿನಿಧಿಸಭೆಯಲ್ಲಿ ಓದಲಾಯಿತು. ಸರಕಾರದ ಯುದ್ಧನೀತಿಯನ್ನು ಸರಕಾರದ ಸೇನಾನಿಯೇ ವಿರೋಧಪಕ್ಷದ ಬಾಯಿಂದ ಖಂಡಿಸಿದಂತಾಯಿತು. ಆರು ದಿನಗಳಲ್ಲಿ ವಜಾ ಆಜ್ಞೆ ಹೊರಟಿತು.

ದೇಶ ಕೆರಳಿತು. ನ್ಯೂಯಾರ್ಕಿನ ಬೀದಿಗಳಲ್ಲಿ ಜನಸಾಗರ ಸೇನಾನಿಯನ್ನು ಎದುರುಗೊಂಡಿತು. ಟ್ರೂಮನ್ನನ ಪ್ರತಿಕೃತಿಗಳನ್ನು ಸುಟ್ಟರು. ಆದರೆ ಮೇ ತಿಂಗಳಿನಿಂದ ಸೆನೆಟ್ಟಿನ ಸಮಿತಿಗಳು ರಿಚರ್ಡ್ ರಸೆಲ್ಲನ ಅಧ್ಯಕ್ಷತೆಯಲ್ಲಿ ಸಾವಧಾನವಾಗಿ ವಿಚಾರಣೆ ನಡೆಸಿದವು. ಮೂರು ದಿನ ಮ್ಯಾಕಾರ್ಥರನೇ ಉತ್ತರಿಸಿದನು. ತರುವಾಯ ಬ್ರಾಡ್ಲಿ ಮೊದಲಾದ ಸಂಯುಕ್ತ ಸೇನಾಮುಖ್ಯರು ಒಬ್ಬೊಬ್ಬರಾಗಿ ಬಂದು, ಚೀನದೊಡನೆ ಯುದ್ಧವನ್ನು ಹಬ್ಬಿಸುವುದು ಸೈನಿಕ ದೃಷ್ಟಿಯಿಂದಲೂ ಅವಿವೇಕವೆಂದು ಸಾಕ್ಷ್ಯ ನುಡಿದರು. ಸೈನ್ಯವೆಲ್ಲ ಒಂದು ಕಡೆ, ಅರಿಯದ ರಾಜಕಾರಣಿ ಒಂದು ಕಡೆ ಎಂಬ ಭ್ರಮೆ ಕರಗಿತು. ಬೇಸಗೆ ಮುಗಿಯುವುದರೊಳಗೆ ಕೂಗು ತಗ್ಗಿತು.

ಆ ಜುಲೈ ತಿಂಗಳಲ್ಲಿ ಬಾಸ್ಟನ್ನಿನಲ್ಲಿ ಮ್ಯಾಕಾರ್ಥರ್ ಆಡಿದ ಒಂದು ಮಾತಿಗೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ. ಸೈನಿಕನ ನಿಷ್ಠೆ ದೇಶಕ್ಕೂ ಸಂವಿಧಾನಕ್ಕೂ ಸಲ್ಲತಕ್ಕದ್ದು. ತಾತ್ಕಾಲಿಕವಾಗಿ ಅಧಿಕಾರದಲ್ಲಿರುವವರಿಗಲ್ಲ ಎಂದನು. ಕೇಳುವುದಕ್ಕೆ ಇದು ಸೊಗಸಾದ ತತ್ತ್ವ. ನಮ್ಮ ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ. ಅನ್ನವಿಟ್ಟ ಒಡೆಯನಿಗೆ ತೀರಿಸಬೇಕಾದ ಋಣ ಅದು. ಹಳೇಬೀಡಿನ ಕಂಬದ ಶಾಸನದಲ್ಲಿ ಹೆಸರುಳಿದಿರುವ ಕುವರ ಲಕ್ಷ್ಮ ತನ್ನ ಒಡೆಯ ವೀರಬಲ್ಲಾಳನಿಗಾಗಿ ಪ್ರಾಣವನ್ನೇ ಕೊಟ್ಟ ದಂಡನಾಯಕ. ಆ ನಿಷ್ಠೆ ಒಬ್ಬ ವ್ಯಕ್ತಿಗೆ ಸಂದದ್ದು. ಗಣರಾಜ್ಯದ ಸೈನಿಕನಿಗೆ ಅಂಥ ಒಡೆಯನಿಲ್ಲ ಎಂಬಷ್ಟರ ಮಟ್ಟಿಗೆ ಮ್ಯಾಕಾರ್ಥರನ ಮಾತು ನಿಜವೇ.

ಆದರೆ ಸಂವಿಧಾನ ತಾನಾಗಿ ಬಾಯಿಬಿಟ್ಟು ಅಪ್ಪಣೆ ಕೊಡುವುದಿಲ್ಲ. ಅದು ಮಾತಾಡುವುದು ತಾನು ನೇಮಿಸಿದ ಸ್ಥಾನಗಳ ಮೂಲಕ. ಆ ಸ್ಥಾನದಲ್ಲಿರುವವನು ತಾತ್ಕಾಲಿಕ ಎಂಬುದು ದೋಷವಲ್ಲ, ಅದೇ ಅದರ ಗುಣ. ದೇಶದ ಹಿತವನ್ನು ತಾನೇ ನೇರವಾಗಿ ಬಲ್ಲೆನೆಂದು ಸೇನಾನಿ ಹೊರಟರೆ, ಅವನನ್ನು ತೂಗುವ ತಕ್ಕಡಿ ಎಲ್ಲಿದೆ? ಅಧ್ಯಕ್ಷ ತಪ್ಪಿದರೆ ಜನ ಅವನನ್ನು ಚುನಾವಣೆಯಲ್ಲಿ ಕಳಿಸಬಹುದು. ಪ್ರತಿನಿಧಿಗಳು ಹಣ ತಡೆಯಬಹುದು. ಕೊನೆಗೆ ಮಹಾಭಿಯೋಗವೂ ಉಂಟು. ತೋಪುಗಳನ್ನು ಬೆನ್ನಿಗಿಟ್ಟುಕೊಂಡ ಸೇನಾನಿ ತಪ್ಪಿದರೆ ಕಳಿಸುವವರಾರು? ಹಾಗಾಗಿ ಅಧ್ಯಕ್ಷನಿಗೆ ಕೊನೆಯ ಮಾತು ಸಲ್ಲುವುದು ಅವನು ಹೆಚ್ಚು ಬಲ್ಲವನೆಂದಲ್ಲ. ಅವನು ಉತ್ತರ ಹೇಳಬೇಕಾದವನೆಂದು.

ಈ ತತ್ತ್ವವನ್ನು ಒಪ್ಪಿದ ಮೇಲೆ ಅದನ್ನು ಟ್ರೂಮನ್ನನ ಮೇಲೂ ಪ್ರಯೋಗಿಸಬೇಕು. ಅಲ್ಲಿ ಅವನೂ ಪೂರ್ತಿ ತೇರ್ಗಡೆಯಾಗುವುದಿಲ್ಲ. ಕೊರಿಯದ ಯುದ್ಧವನ್ನು ಅವನು ಕಾಂಗ್ರೆಸ್ಸಿನಿಂದ ಸಾರಿಸಲೇ ಇಲ್ಲ. ಅದನ್ನು ಪೋಲೀಸು ಕಾರ್ಯವೆಂದು ಕರೆದನು. ಇದಕ್ಕೆ ಕಾನೂನಿನ ಆಧಾರವೇನೆಂದು ಸೆನೆಟರ್ ರಾಬರ್ಟ್ ಟಾಫ್ಟ್ ಮೊದಲ ವಾರದಲ್ಲಿಯೇ ಕೇಳಿದನು. ಆ ‘ಪೋಲೀಸು ಕಾರ್ಯ’ದಲ್ಲಿ ೩೬,೦೦೦ಕ್ಕೂ ಹೆಚ್ಚು ಅಮೆರಿಕನ್ ಸೈನಿಕರೂ ಲಕ್ಷಗಟ್ಟಲೆ ಕೊರಿಯನ್ನರೂ ಚೀನೀಯರೂ ಸತ್ತರು. ೧೯೫೨ರ ಏಪ್ರಿಲಿನಲ್ಲಿ ಮುಷ್ಕರದಿಂದ ಯುದ್ಧಸಾಮಗ್ರಿ ನಿಂತೀತೆಂದು ಅವನು ಉಕ್ಕಿನ ಕಾರ್ಖಾನೆಗಳನ್ನೇ ವಶಪಡಿಸಿಕೊಂಡನು. ಜೂನ್ ೨ರಂದು ಸುಪ್ರೀಂ ಕೋರ್ಟು ಆರು ಮಂದಿ ಮೂವರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಅಧ್ಯಕ್ಷನು ಸೈನ್ಯಕ್ಕೆ ಮಹಾದಂಡನಾಯಕನೇ ಹೊರತು ದೇಶಕ್ಕೂ ಪ್ರಜೆಗಳಿಗೂ ಅಲ್ಲವೆಂಬ ಭಾವವನ್ನು ನ್ಯಾಯಮೂರ್ತಿ ಜಾಕ್ಸನ್ ತನ್ನ ತೀರ್ಪಿನಲ್ಲಿ ಸ್ಪಷ್ಟಪಡಿಸಿದನು. ಟ್ರೂಮನ್ ಕೂಡಲೇ ಕಾರ್ಖಾನೆಗಳನ್ನು ಹಿಂದಿರುಗಿಸಿದನು. ಸೇನಾನಿಯಿಂದ ತಾನು ಕೇಳಿದ ವಿಧೇಯತೆಯನ್ನು ನ್ಯಾಯಾಲಯಕ್ಕೆ ತಾನೂ ಸಲ್ಲಿಸಿದನು; ಇದು ಅವನ ಹಿರಿಮೆ.

ಆದರೆ ಯುದ್ಧ ಸಾರುವ ಅಧಿಕಾರದ ವಿಷಯದಲ್ಲಿ ಅವನು ತೆರೆದ ಬಾಗಿಲು ಮತ್ತೆ ಸರಿಯಾಗಿ ಮುಚ್ಚಲಿಲ್ಲ. ವಿಯೆಟ್ನಾಮಿನ ಕಹಿಯುಂಡ ಮೇಲೆ, ೧೯೭೩ರಲ್ಲಿ, ಕಾಂಗ್ರೆಸ್ಸು ಅಧ್ಯಕ್ಷ ನಿಕ್ಸನ್ನನ ನಿರಾಕರಣೆಯನ್ನು ಮೀರಿ ಒಂದು ಶಾಸನ ಮಾಡಿತು: ಅನುಮತಿಯಿಲ್ಲದೆ ಅರವತ್ತು ದಿನಗಳಿಗಿಂತ ಹೆಚ್ಚು ಕಾಲ ಸೈನ್ಯವನ್ನು ಯುದ್ಧದಲ್ಲಿ ತೊಡಗಿಸಬಾರದು. ಮುಂದೆ ಬಂದ ಅಧ್ಯಕ್ಷರು ಅದಕ್ಕೆ ಒಂದಲ್ಲ ಒಂದು ಅರ್ಥ ಹಚ್ಚಿ ದಾಟಿದ್ದೂ ಉಂಟು. ಸೇನಾನಿಯನ್ನು ಅಧ್ಯಕ್ಷನಿಗೆ ಕಟ್ಟಿದ ಕೊಂಡಿ ಗಟ್ಟಿಯಾಗಿ ಉಳಿಯಿತು. ಅಧ್ಯಕ್ಷನನ್ನು ಪ್ರಜೆಗಳಿಗೆ ಕಟ್ಟಿದ ಕೊಂಡಿ ಸಡಿಲವಾಯಿತು.

ಈ ಯುದ್ಧಕ್ಕೂ ನಮಗೂ ಒಂದು ನಂಟಿದೆ. ಕದನವಿರಾಮದ ತರುವಾಯ, ೧೯೫೩ರಲ್ಲಿ, ತಾಯ್ನಾಡಿಗೆ ಮರಳಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಮೇಲ್ಪಟ್ಟ ಯುದ್ಧಬಂದಿಗಳ ವಿಚಾರ ನೋಡಿಕೊಳ್ಳಲು ನೇಮಿಸಿದ ತಟಸ್ಥ ಆಯೋಗಕ್ಕೆ ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಅಧ್ಯಕ್ಷರಾಗಿದ್ದರು. ಅದೇ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿದ್ದಾಗ, ೧೯೫೯ರ ಆಗಸ್ಟ್ ಕೊನೆಯಲ್ಲಿ, ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಹೊಂದಲಾರದೆ ರಾಜೀನಾಮೆ ಬರೆದರು. ನೆಹರೂ ಅವರ ಮಾತಿನ ಮೇಲೆ ಹಿಂತೆಗೆದುಕೊಂಡರು. ನಾಗರಿಕ ಅಧಿಕಾರವೇ ಪರಮವೆಂದು ನೆಹರೂ ಲೋಕಸಭೆಯಲ್ಲಿ ಸಾರಿದರು. ಆ ತತ್ತ್ವ ಸರಿ. ಆದರೆ ೧೯೬೨ರ ಸೋಲಿನಲ್ಲಿ ಮೆನನ್ನರು ಪದವಿ ಬಿಡಬೇಕಾಯಿತು. ಗಡಿಯ ರಕ್ಷಣೆಯ ಬಗ್ಗೆ ಸೈನಿಕರಿಗಿದ್ದ ಅಳುಕು ಸುಳ್ಳಾಗಿರಲಿಲ್ಲ. ಕೊರಿಯದಲ್ಲಿ ಕೊನೆಯ ಮಾತಿನ ಹಕ್ಕು ಇದ್ದವನ ನಿರ್ಣಯವೇ ಹೆಚ್ಚು ವಿವೇಕದ್ದಾಗಿತ್ತು, ಇಲ್ಲಿ ಹಾಗಾಗಲಿಲ್ಲ. ಎರಡೂ ಕಡೆ ಹಕ್ಕು ಮಾತ್ರ ಒಂದೇ.

ಕೊನೆಯ ಮಾತು ಹೇಳುವ ಹಕ್ಕಿನೊಡನೆ, ಮೊದಲ ಮಾತುಗಳನ್ನು ಕಿವಿಗೊಟ್ಟು ಕೇಳುವ ಹೊಣೆಯೂ ಬರುತ್ತದೆ. ತಿಮ್ಮಯ್ಯನವರಂಥ ಸೇನಾನಿ ಬಾಗಿಲೊಳಗೆ ಹೇಳಿದ್ದನ್ನು ಲಾಲಿಸದ ಸರಕಾರ, ಮ್ಯಾಕಾರ್ಥರನಂಥವನು ಬೀದಿಯಲ್ಲಿ ಕೂಗುವುದಕ್ಕೆ ತಾನೇ ಎಡೆಮಾಡಿಕೊಟ್ಟಂತೆ. ಸೈನ್ಯ ಆಳುವವರಿಗೆ ವಿಧೇಯವಾಗಿರಬೇಕೆಂದು ನಾವು ಪ್ರಜೆಗಳು ಬಯಸುವುದಾದರೆ, ಆಳುವವರು ನಮಗೆ ಉತ್ತರ ಹೇಳುವಂತೆ ಮಾಡುವ ಕೆಲಸ ನಮ್ಮದೇ. ಯುದ್ಧಕ್ಕೆ ಮುಂಚೆ ಕೇಳದ ಪ್ರಶ್ನೆಯನ್ನು ಯುದ್ಧ ಮುಗಿದ ಮೇಲೆ ಕೇಳಿದರೆ, ಸತ್ತವರಿಗೆ ಅದರಿಂದ ಬರುವುದೇನು?