ಅಯೋಧ್ಯೆಯಿಂದ ಜೋಗ್ಜಾಕ್ಕೆ

'ಯುಧ್' ಧಾತುವಿನಿಂದ 'ಯೋಧ್ಯ', ಅದರ ತಲೆಗೆ ನಿಷೇಧದ ಅಕಾರ ಸೇರಿ 'ಅಯೋಧ್ಯಾ', ಯಾರೂ ಕಾದಿ ಗೆಲ್ಲಲಾಗದ್ದು: ಇಷ್ಟು ನಮಗೆಲ್ಲ ತಿಳಿದದ್ದೇ. ಇದು ಮೂಲದಲ್ಲಿ ವಿಶೇಷಣ. ಅಥರ್ವವೇದದಲ್ಲಿ ಎಂಟು ಚಕ್ರ, ಒಂಬತ್ತು ಬಾಗಿಲುಗಳ ದೇವಪುರಿಗೆ, ಎಂದರೆ ಮನುಷ್ಯನ ಈ ದೇಹಕ್ಕೇ, ಈ ಮಾತು ಸಂದಿದೆ. ಆಮೇಲೆ ಕೋಸಲದ ರಾಜಧಾನಿಗೆ ಹೆಸರಾಗಿ ನಿಂತು, ಪಾಲಿಯಲ್ಲಿ 'ಅಯೋಜ್ಝಾ' ಆಗಿ, ಜನರ ಬಾಯಲ್ಲಿ ಸವೆದು ಸವೆದು 'ಅವಧ್' ಎಂದು ಒಂದು ಸೀಮೆಗೂ 'ಅವಧಿ' ಎಂದು ಒಂದು ನುಡಿಗೂ ಅಂಟಿಕೊಂಡಿತು.

ಸಮುದ್ರ ದಾಟಿದ ಮೇಲಿನ ಕಥೆ ಇನ್ನೂ ಸೊಗಸು. 1351ರಲ್ಲಿ ಸಯಾಮಿನಲ್ಲಿ, ನದಿಗಳು ಸುತ್ತುವರಿದ ನೆಲದ ಮೇಲೆ, ರಾಮಾಧಿಪತಿ ಎಂಬ ಬಿರುದು ತಳೆದ ಅರಸ ಕಟ್ಟಿದ ಪಟ್ಟಣ 'ಅಯುತ್ಥಯಾ'. ಥಾಯ್ ಲಿಪಿಯಲ್ಲಿ ಇಂದಿಗೂ ಅಲ್ಲಿ ಧಕಾರವನ್ನೇ ಬರೆಯುತ್ತಾರೆ, ಓದುವಾಗ ಥಕಾರ ಮಾಡುತ್ತಾರೆ. ಓಕಾರ ಉಕಾರಕ್ಕೆ ಇಳಿದಿದೆ. ನಾಲಗೆ ತನ್ನ ದಾರಿ ಹಿಡಿದರೂ ಬರಹ ಧಾತುವಿನ ಗುರುತನ್ನು ಬಿಟ್ಟುಕೊಟ್ಟಿಲ್ಲ ಎಂಬುದು ನಮ್ಮಂಥವರಿಗೆ ಹಬ್ಬವಲ್ಲವೇ! 1767ರಲ್ಲಿ ಬರ್ಮೀಯರ ಸೇನೆ ಆ ನಗರವನ್ನು ಸುಟ್ಟು ಕೆಡವಿತು. ಹೆಸರು ಮಾತ್ರ ಸುಡಲಿಲ್ಲ. 1782ರಲ್ಲಿ ರಾಜಧಾನಿಯಾದ ಬ್ಯಾಂಕಾಕಿನ ವಿಧ್ಯುಕ್ತವಾದ ಉದ್ದನೆಯ ನಾಮಾವಳಿಯೊಳಗೆ, ಮಹೇಂದ್ರನ ಜೊತೆಗೂಡಿ, ಅಯೋಧ್ಯೆ ಹಾಗೇ ಕೂತಿದೆ. ಆ ನಗರಿಯ ಮೊದಲ ಅರಸ, ಇಂದು ಒಂದನೆಯ ರಾಮನೆಂದೇ ಕರೆಸಿಕೊಳ್ಳುವವನು, 'ರಾಮಕಿಯೆನ್' ಅನ್ನು, ಎಂದರೆ ರಾಮಕೀರ್ತಿಯನ್ನು, ಹೊಸದಾಗಿ ಬರೆಯಿಸಿದ. ಸುಟ್ಟ ಪಟ್ಟಣದಿಂದ ಹೊತ್ತು ತರಬೇಕಾದ ಸೊತ್ತುಗಳಲ್ಲಿ ಕಥೆಯೂ ಊರಹೆಸರೂ ಒಂದೇ ಗಂಟಿನವು ಎಂದು ಆ ಜನ ಬಗೆದಿರಬೇಕು.

ಜಾವಾದಲ್ಲಿ ಪದ ಬೇರೆಯೇ ಹಾದಿ ತುಳಿಯಿತು. ಅಲ್ಲಿ ಹಳೆಯ ಜಾವಾ ನುಡಿಯ ರಾಮಾಯಣ ಕಾವ್ಯವಿತ್ತು, ಪ್ರಂಬಾನನ್ ದೇಗುಲದ ಗೋಡೆಗಳ ಮೇಲೆ ಒಂಬತ್ತನೆಯ ಶತಮಾನದ ರಾಮಕಥಾಶಿಲ್ಪವಿತ್ತು. ಅದಕ್ಕೆ ಸಮೀಪದಲ್ಲೇ 1755ರಲ್ಲಿ ನೆಲೆಯೂರಿದ ಸುಲ್ತಾನರು ತಮ್ಮ ರಾಜಧಾನಿಗೆ ಇಟ್ಟ ಹೆಸರು 'ಙಯೋಗ್ಯಕರ್ತ'. ದರ್ಬಾರಿನ ಈ ರೂಪದಲ್ಲಿ ಅಕಾರ ಇನ್ನೂ ಇದೆ, ಅದರ ಮುಂದೆ ಙಕಾರ ಬಂದು ನಿಂತಿದೆ. ನಮ್ಮಲ್ಲಿ 'ವಾಙ್ಮಯ'ದಂಥ ಮಾತಿನ ನಡುವೆಯಷ್ಟೇ ಜಾಗ ಪಡೆದ ಆ ಅಕ್ಷರ ಅಲ್ಲಿ ಒಂದು ರಾಜಧಾನಿಯ ಮೊದಲಿಗೇ ಬರುತ್ತದೆ. ದಿನಬಳಕೆಯಲ್ಲಿ ಅಕಾರ ಉದುರಿ 'ಯೋಗ್ಯಕರ್ತ' ಉಳಿಯಿತು. ನಿಷೇಧದ ಅಕ್ಷರವೇ ಹೋದರೆ ಅರ್ಥ ತಲೆಕೆಳಗಾಗಬೇಕಿತ್ತು. ಆದರೆ 'ಧ್ಯ' ಇರಬೇಕಾದಲ್ಲಿ 'ಗ್ಯ' ಬಂದದ್ದರಿಂದ, ತಕ್ಕುದು, ಒಪ್ಪುವಂಥದು ಎಂಬ ಇನ್ನೊಂದು ಸಂಸ್ಕೃತ ಪದವೇ ಆ ಜಾಗದಲ್ಲಿ ಕೇಳಿಸುತ್ತದೆ.

ಊರವರು ಅಷ್ಟನ್ನೂ ಹೇಳುವುದಿಲ್ಲ, 'ಜೋಗ್ಜಾ' ಎಂದುಬಿಡುತ್ತಾರೆ. ಯಾತ್ರೆಯನ್ನು ಜಾತ್ರೆ, ಯೋಗಿಯನ್ನು ಜೋಗಿ, ಯೋಧನನ್ನು ಹಳಗನ್ನಡದಲ್ಲಿ ಜೋದನೆಂದು ಮಾಡಿಕೊಂಡ ನಮಗೆ ಈ ಜಕಾರದ ಪರಿಚಯ ಬೇಕಿಲ್ಲ.