ಹಳದಿ ದೀಪ ಹೇಳುವುದೇ ಒಂದು, ನಾವು ಕೇಳಿಸಿಕೊಳ್ಳುವುದೇ ಇನ್ನೊಂದು

ಮುಂಬೈ ಮಳೆಗಾಲ ಮುಗಿಯುತ್ತಾ ಬಂದಿತ್ತು. ನಮ್ಮ ಹಳೇ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿತು. ಗ್ಯಾರೇಜಿನ ಹುಡುಗ ಸ್ಕ್ಯಾನರ್ ಸಿಕ್ಕಿಸಿ, ಪಿ0118 ಅಂತ ಓದಿ, "ಕೂಲಂಟ್ ಸೆನ್ಸರ್ ಹೋಗಿದೆ ಸಾಬ್" ಅಂದ. ಹೊಸ ಸೆನ್ಸರ್ ಬಂತು, ದುಡ್ಡು ಹೋಯಿತು. ಮೂರನೇ ದಿನ ದೀಪ ಮತ್ತೆ ಹಾಜರ್! ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಕನೆಕ್ಟರ್ ಅಲುಗಾಡಿಸಿದರು. ಸ್ಕ್ಯಾನರಿನಲ್ಲಿ ಅಂಕಿ ಕುಣಿಯಿತು. ಬಿಚ್ಚಿ ನೋಡಿದರೆ ಪಿನ್ನಿಗೆ ಹಸಿರು ಕಿಲುಬು. ಹೊಸ ಸೆನ್ಸರ್ ಸಿಕ್ಕಿಸುವಾಗ ಕಿಲುಬು ಸ್ವಲ್ಪ ಕೆರೆದುಹೋಗಿ ಎರಡು ದಿನ ಸರಿಯಿತ್ತು, ಅಷ್ಟೇ.

ಆ ಹುಡುಗ ಮೋಸ ಮಾಡಲಿಲ್ಲ, ಕೋಡನ್ನು ಅರ್ಧ ಓದಿದ. ಪಿ0118ರ ಪೂರ್ತಿ ಅರ್ಥ 'ಕೂಲಂಟ್ ತಾಪಮಾನ ಸೆನ್ಸರಿನ ಸರ್ಕಿಟ್ಟಿನಲ್ಲಿ ವೋಲ್ಟೇಜ್ ಹೆಚ್ಚಾಗಿದೆ' ಎಂದು. ಸೆನ್ಸರ್ ಕೆಟ್ಟಿದೆ ಅಂತ ಅದು ಹೇಳುವುದೇ ಇಲ್ಲ. ಯಾಕೆ ಹೀಗೆ ಎಂದು ಹುಡುಕುತ್ತಾ ಹೋದರೆ ಕಥೆ ಅಮೆರಿಕದ ಲಾಸ್ ಏಂಜಲೀಸ್ ನಗರಕ್ಕೆ ಹೋಗಿ ನಿಲ್ಲುತ್ತದೆ.

1943ರ ಜುಲೈ, ಯುದ್ಧದ ಕಾಲ. ಆ ಊರನ್ನು ಕಣ್ಣುರಿಸುವ ಹೊಗೆಮಂಜು ಕವಿಯಿತು. ಜಪಾನೀಯರು ವಿಷಾನಿಲ ಬಿಟ್ಟರೇನೋ ಎಂದು ಜನ ಹೆದರಿದರು. 1950ರ ದಶಕದ ಆರಂಭದಲ್ಲಿ ಕ್ಯಾಲ್‌ಟೆಕ್‌ನ ರಸಾಯನ ವಿಜ್ಞಾನಿ ಆರಿ ಹಾಗನ್-ಸ್ಮಿಟ್ ನಿಜ ಏನೆಂದು ತೋರಿಸಿದರು: ಕಾರುಗಳೂ ತೈಲ ಸಂಸ್ಕರಣಾಗಾರಗಳೂ ಉಗುಳಿದ ಅನಿಲಗಳು ಬಿಸಿಲಿನಲ್ಲಿ ಬೆಂದು ಈ ಹೊಗೆಯಾಗುತ್ತವೆ. ಅಂದರೆ ಶತ್ರು ಹೊರಗಿನವನಲ್ಲ! 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಾಯು ಸಂಪನ್ಮೂಲ ಮಂಡಳಿ ಹುಟ್ಟಿತು, ಅವರೇ ಅದರ ಮೊದಲ ಅಧ್ಯಕ್ಷರು.

ನಿಯಮ ಬಿಗಿಯಾದಂತೆ ಕಾರ್ಬುರೇಟರ್ ಸೋತಿತು. ಹೊಗೆ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ತೂಕದಲ್ಲಿ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಎಂಬ ಲೆಕ್ಕ ತಪ್ಪಬಾರದು. ಬೆಂಗಳೂರಿನವರಿಗೆ ಮೈಕೋ ಎಂದೇ ಪರಿಚಯವಾದ ಬಾಷ್ ಸಂಸ್ಥೆಯ ಆಮ್ಲಜನಕ ಸೆನ್ಸರ್ 1976ರಲ್ಲಿ ಕ್ಯಾಲಿಫೋರ್ನಿಯಾದ ವೋಲ್ವೋ ಕಾರುಗಳಿಗೆ ಬಂತು. ಜನರಲ್ ಮೋಟರ್ಸ್ 1981ರಲ್ಲಿ ತನ್ನ ಬಹುತೇಕ ಪೆಟ್ರೋಲ್ ಕಾರುಗಳಿಗೆ ಕಂಪ್ಯೂಟರನ್ನೂ ಒಂದು ಎಚ್ಚರಿಕೆ ದೀಪವನ್ನೂ ಕೂರಿಸಿತು. ಸ್ಕ್ಯಾನರ್ ಬೇಡ, ಎರಡು ಪಿನ್ ಜೋಡಿಸಿದರೆ ದೀಪವೇ ಮಿನುಗಿ ಕೋಡ್ ಹೇಳುತ್ತಿತ್ತು. 14 ಅಂದರೆ ಕೂಲಂಟ್ ಸೆನ್ಸರಿನ ಸರ್ಕಿಟ್ ಶಾರ್ಟ್ ಆಗಿದೆ, 15 ಅಂದರೆ ಕಡಿದಿದೆ. ನೋಡಿ, ಆಗಲೇ ಮಾತು ಸರ್ಕಿಟ್ಟಿನದು.

ಕಾರಣ ಸರಳ. ಕಂಪ್ಯೂಟರಿಗೆ ಕಣ್ಣಿಲ್ಲ, ಅದಕ್ಕೆ ಕಾಣುವುದು ವೋಲ್ಟೇಜ್ ಮಾತ್ರ. ತನ್ನೊಳಗಿನ ರೆಸಿಸ್ಟರ್ ಮೂಲಕ ಅದು ಸೆನ್ಸರಿಗೆ 5 ವೋಲ್ಟ್ ಕಳಿಸುತ್ತದೆ. ಎಂಜಿನ್ ತಣ್ಣಗಿದ್ದರೆ ಸೆನ್ಸರಿನ ತಡೆ ಹೆಚ್ಚು, ವೋಲ್ಟೇಜೂ ಹೆಚ್ಚು. ಬಿಸಿಯಾದಂತೆ ಎರಡೂ ಇಳಿಯುತ್ತವೆ. ತಂತಿ ಕಡಿದರೆ ವೋಲ್ಟೇಜ್ 5ರ ಹತ್ತಿರವೇ ನಿಲ್ಲುತ್ತದೆ, ತಂತಿ ಬಾಡಿಗೆ ತಗುಲಿದರೆ ಸೊನ್ನೆಗೆ ಬೀಳುತ್ತದೆ. ಕಡಿದದ್ದು ಸೆನ್ಸರಿನೊಳಗೋ, ತಂತಿಯಲ್ಲೋ, ಪಿನ್ನಿನಲ್ಲೋ? ಅದಕ್ಕೆ ಹೇಗೆ ಗೊತ್ತಾಗಬೇಕು!

ಇಷ್ಟಾದರೂ ಕಾರು ಓಡುತ್ತಲೇ ಇರುತ್ತದೆ, ಅಲ್ಲೇ ಇರುವುದು ತೊಂದರೆ. ಯಜಮಾನನಿಗೆ ಗೊತ್ತೇ ಆಗದೆ ಹೊಗೆ ಹೆಚ್ಚುತ್ತದೆ. ಹಾಗಾಗಿ ಕ್ಯಾಲಿಫೋರ್ನಿಯಾ 1988ರ ಮಾಡೆಲ್‌ಗಳಿಂದ ಕಾರು ತನ್ನನ್ನು ತಾನೇ ಕಾಯಬೇಕು, ತಪ್ಪಾದರೆ ದೀಪ ಹತ್ತಿಸಬೇಕು ಎಂದು ಕಾನೂನು ತಂದಿತು. ಇದೇ ಓಬಿಡಿ-1. ಅದು ಮುಖ್ಯವಾಗಿ ನೋಡುತ್ತಿದ್ದುದು ಬಿಡಿಭಾಗಗಳಿಗೆ ವಿದ್ಯುತ್ ಸಂಪರ್ಕ ಇದೆಯೇ ಎಂದು. 1996ರಲ್ಲಿ ಅಮೆರಿಕದ ಕಾರುಗಳಿಗೆಲ್ಲ ಕಡ್ಡಾಯವಾದ ಓಬಿಡಿ-2 ಇನ್ನೂ ಮುಂದೆ ಹೋಗಿ, ಸೆನ್ಸರ್ ಹೇಳುವುದು ನಂಬುವಂತಿದೆಯೇ, ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದೂ ಕೇಳಿತು. ಎಲ್ಲ ಕಂಪನಿಗಳಿಗೂ ಒಂದೇ 16 ಪಿನ್ನಿನ ಸಾಕೆಟ್, ಪಿ0118ರಂಥ ಒಂದೇ ಭಾಷೆ.

ನಮ್ಮಲ್ಲೂ ದಾರಿ ಅದೇ. 1995ರಲ್ಲಿ ಮುಂಬೈ, ದೆಹಲಿ, ಕಲ್ಕತ್ತ, ಮದ್ರಾಸ್‌ಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಬಂತು, ಜೊತೆಗೆ ಸೀಸವಿಲ್ಲದ ಪೆಟ್ರೋಲ್. 2010ರ ಏಪ್ರಿಲ್‌ನಲ್ಲಿ ಮುಂಬೈ, ಬೆಂಗಳೂರು ಸೇರಿ 13 ನಗರಗಳಲ್ಲಿ ಬಿಎಸ್-4 ಜೊತೆ ಓಬಿಡಿ-1, 2013ರ ಏಪ್ರಿಲ್‌ನಿಂದ ಓಬಿಡಿ-2. ಅಂದರೆ ಲಾಸ್ ಏಂಜಲೀಸಿನವರ ಕಣ್ಣುರಿಯ ಫಲ ನಮ್ಮ ಸ್ಟೀರಿಂಗ್ ಕೆಳಗೆ ಕೂತಿದೆ.

ಇಷ್ಟು ಗೊತ್ತಿದ್ದರೆ ಪರೀಕ್ಷೆ ಸುಲಭ. ಪಿ0118 ಬಂದಾಗ ಸ್ಕ್ಯಾನರ್ ಸಾಮಾನ್ಯವಾಗಿ ಮೈನಸ್ 40 ಡಿಗ್ರಿ ತೋರಿಸುತ್ತದೆ. ಮುಂಬೈಯಲ್ಲಿ ಮೈನಸ್ 40! ಕನೆಕ್ಟರ್ ಕಳಚಿ, ಸೆನ್ಸರಿನ ಎರಡು ತಂತಿಗಳನ್ನು ಒಂದು ತುಂಡು ವೈರಿನಿಂದ ಕ್ಷಣಕಾಲ ಸೇರಿಸಬೇಕು. ಅಂಕಿ ಥಟ್ಟನೆ ಮೇಲೆ ಹಾರಿದರೆ ಕಂಪ್ಯೂಟರೂ ತಂತಿಯೂ ಸರಿ. ದೋಷ ಸೆನ್ಸರಿನದು ಅಥವಾ ಪಿನ್ನಿನದು. ಅಲ್ಲಾಡದಿದ್ದರೆ ತಂತಿಯ ಜಾಡು ಹಿಡಿದು ಹೋಗಬೇಕು. ಸೆನ್ಸರ್ ಬದಲಿಸುವುದು ಇದಾದ ಮೇಲಿನ ಮಾತು.

ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿಕೊಂಡು ಓಡಿಸುವವರನ್ನೂ ನೋಡಿದ್ದೇನೆ. ಹೊಸ ಸೆನ್ಸರಿಗೆ ಹಾಕಿದ ದುಡ್ಡು ಅವರೂ ಒಮ್ಮೆ ಕಳಕೊಂಡಿರಬಹುದು, ಬೈಯಲು ಮನಸ್ಸಾಗುವುದಿಲ್ಲ. ಆದರೆ ಅವರ ಕಾರಿನ ಹೊಗೆ ಕುಡಿಯುವವರು ಹಿಂದೆ ಬರುವ ಸ್ಕೂಟರಿನವರು, ಬಸ್ ಸ್ಟಾಪಿನಲ್ಲಿ ನಿಂತ ಮಕ್ಕಳು. ಟೇಪ್ ಅಂಟಿಸುವ ಮೊದಲು ಮೆಕ್ಯಾನಿಕನನ್ನು ಒಂದು ಮಾತು ಕೇಳಿ: "ತಂತಿ, ಪಿನ್ನು ನೋಡಿದೆಯೇನಪ್ಪಾ?"